ಮಳೆಗಾಲದಲ್ಲೇ ಹೋಗು, ಎರಡು ದಿನ ಜಾಸ್ತಿ ಇಟ್ಕೊಂಡು

ಪ್ರಿಯ ಗೆಳೆಯಾ,

ಫೆಬ್ರವರಿಯಲ್ಲಿ ಪೆರುವಿಗೆ ಹೋದರೆ ಮಳೆಯಲ್ಲಿ ದುಡ್ಡು ಕೊಚ್ಚಿಹೋದ ಹಾಗೆ ಅಂತ ಯಾರೋ ನಿನ್ನನ್ನು ಹೆದರಿಸಿದ್ದಾರಲ್ಲ, ಅವರ ಮಾತು ಅರ್ಧ ನಿಜ. ನಾವು ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ದು ಅದೇ ತಿಂಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಆಕಾಶ ತಿಳಿಯಾಗಿರುತ್ತೆ ನಿಜ. ಆದರೆ ಜನ ಕಿಕ್ಕಿರಿದಿರುತ್ತಾರೆ, ರೂಮಿನ ಬಾಡಿಗೆ ಕೈಗೆ ಎಟುಕುವುದಿಲ್ಲ. ಫೆಬ್ರವರಿಯಲ್ಲಿ ಧೈರ್ಯವಾಗಿ ಚೌಕಾಸಿ ಮಾಡಬಹುದು. ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೇಗ ಎದ್ದು ಹೊರಟರೆ ಅರ್ಧ ದಿನ ಆರಾಮಾಗಿ ಸುತ್ತಬಹುದು.

ಇಂಕಾ ಟ್ರೈಲ್, ಅಂದರೆ ಮಾಚು ಪಿಚುಗೆ ದಿನಗಟ್ಟಲೆ ನಡೆದು ಹೋಗುವ ಹಳೆಯ ಕಾಲುದಾರಿ, ಅದರ ಆಸೆ ಬಿಡು. ದಾರಿ ರಿಪೇರಿಗೆ ಅಂತ ಪ್ರತಿ ಫೆಬ್ರವರಿ ಮುಚ್ಚುತ್ತಾರೆ. ಇಂಕಾ ಜನ ಬೆಟ್ಟದ ಮೇಲೆ ಕಟ್ಟಿದ ಹಳೆಯ ಊರು ಮಾಚು ಪಿಚು ಮಾತ್ರ ತೆರೆದೇ ಇರುತ್ತೆ.

ಮಳೆಗಿಂತ ಯೋಚಿಸಬೇಕಾದ್ದು ಎತ್ತರದ ಬಗ್ಗೆ, ಮಾರಾಯ. ರಾಜಧಾನಿ ಲಿಮಾ ಸಮುದ್ರದ ದಡದಲ್ಲಿದೆ, ಮಾಚು ಪಿಚುಗೆ ಹೋಗುವವರು ಇಳಿಯುವ ಕುಸ್ಕೊ ನಗರ ಸುಮಾರು 3,400 ಮೀಟರ್ ಮೇಲೆ. ವಿಮಾನದಲ್ಲಿ ಗಂಟೆಯ ಮೇಲೆ ಸ್ವಲ್ಪ ಹೊತ್ತು, ಅಷ್ಟೇ. ಇಳಿದ ಕೂಡಲೇ ತಲೆ ಭಾರ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅದಕ್ಕೇ ನಾವು ಕುಸ್ಕೊದಲ್ಲಿ ನಿಲ್ಲದೆ ನೇರ ಕಣಿವೆಯ ಊರು ಒಲ್ಲಾಂಟಾಯ್‌ತಾಂಬೊಗೆ ಇಳಿದೆವು. ಅದು 2,800 ಮೀಟರ್ ಹತ್ತಿರ. ಅಲ್ಲಿ ಸುಮ್ನೆ ಕೂತು ಕೋಕಾ ಎಲೆಯ ಚಹಾ ಕುಡಿದು ಮೈ ಒಗ್ಗಿಸಿಕೊಂಡೆವು. ಮಾಚು ಪಿಚು ಇನ್ನೂ ತಗ್ಗು, 2,430. ಕುಸ್ಕೊ ಆಮೇಲೆ. ಟಿಟಿಕಾಕಾ ಸರೋವರ 3,800ರ ಮೇಲಿದೆ, ಅದನ್ನು ಕೊನೆಗಿಡು.

ಜೇಬಿಗೆ ಕತ್ತರಿ ಹಾಕುವುದು ಮಾಚು ಪಿಚುಗೆ ಹೋಗುವ ರೈಲು. ಊರಿನವರ ರೈಲು ಅಗ್ಗ, ಆದರೆ ವಿದೇಶಿಯರನ್ನು ಹತ್ತಿಸಿಕೊಳ್ಳಲ್ಲ. ವ್ಯಾನಿನಲ್ಲಿ ಸುತ್ತಿ ಬಳಸಿ ಹಿದ್ರೊಎಲೆಕ್ತ್ರಿಕಾ ಅನ್ನೋ ಜಲವಿದ್ಯುತ್ ಸ್ಥಾವರದವರೆಗೆ ಹೋಗಿ, ಅಲ್ಲಿಂದ ಹಳಿ ಪಕ್ಕದಲ್ಲಿ ಸುಮಾರು 10 ಕಿಲೋಮೀಟರ್ ನಡೆಯುವವರಿದ್ದಾರೆ. ಮಳೆ ಇಲ್ಲದ ತಿಂಗಳಲ್ಲಿ, ಒಬ್ಬನೇ ಇದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಗುಡ್ಡ ಜರಿಯುತ್ತೆ. ನಿಮ್ಮಮ್ಮನೂ ಜೊತೆಗಿರುವಾಗ ಅಲ್ಲಿ ಜುಗ್ಗತನ ಬೇಡ. ರೈಲೂ ಉರುಬಾಂಬಾ ನದಿಯ ಅಂಚಿನಲ್ಲೇ ಹೋಗೋದು. 2010ರ ಜನವರಿಯಲ್ಲಿ ನೆರೆ ಬಂದು ಹಳಿ ಕೊಚ್ಚಿಹೋಗಿ, ಸಾವಿರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಹೆಲಿಕಾಪ್ಟರ್‌ನಲ್ಲಿ ಎತ್ತಿ ತರಬೇಕಾಯಿತು. ರೂಮಿನಲ್ಲಿ ಉಳಿಸಿದ ದುಡ್ಡಿನಲ್ಲಿ ಎರಡು ದಿನ ಜಾಸ್ತಿ ಇಟ್ಟುಕೋ ಅನ್ನೋದು ಅದಕ್ಕೇ. ವಾಪಸ್ ವಿಮಾನವನ್ನು ಮಾಚು ಪಿಚುವಿನ ಮರುದಿನಕ್ಕೆ ಮಾತ್ರ ಬುಕ್ ಮಾಡಬೇಡ.

ಊಟಕ್ಕೆ ಮಧ್ಯಾಹ್ನ 'ಮೆನು' ಬೋರ್ಡ್ ಇರುವ ಸಣ್ಣ ಹೋಟೆಲು ಹುಡುಕು. ಸೂಪು, ಊಟ, ಕುಡಿಯಲು ಏನಾದರೊಂದು, ಎಲ್ಲಾ ಸೇರಿ ಒಂದೇ ರೇಟು. ಮಾಂಸ ಬೇಡ ಅಂದರೆ ಕೋಳಿ ತಂದಿಡಬಹುದು. ಕೋಳಿ, ಮೀನು ಯಾವುದೂ ಬೇಡ ಅಂತ ಬಿಡಿಸಿ ಹೇಳು. ಕುಸ್ಕೊದ ಸಾನ್ ಪೆದ್ರೊ ಮಾರ್ಕೆಟ್‌ನಲ್ಲಿ ಅಮ್ಮ ಒಂದು ರಾಶಿಯ ಮುಂದೆ ನಿಂತುಬಿಟ್ಟರು. ನೋಡಲು ಬೆಣಚುಕಲ್ಲಿನ ಹಾಗಿದ್ದರೂ, ಬರೀ ಗಾಳಿ ತುಂಬಿದ ಹಾಗೆ ಕೈಗೆ ಭಾರವೇ ಹತ್ತದ ಕಪ್ಪು ಉಂಡೆಗಳು. ಅದು ಚುನ್ಯೊ, ಆಲೂಗಡ್ಡೆ. ರಾತ್ರಿ ಹಿಮಕ್ಕೆ ಬಿಟ್ಟು, ಕಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿದ್ದು. ವರ್ಷಗಟ್ಟಲೆ ಕೆಡಲ್ಲವಂತೆ. "ನಮ್ಮ ಸಂಡಿಗೆ ಥರಾನೇ ಅಲ್ವಾ" ಅಂತ ಅಮ್ಮ ಮೂಸಿ ನೋಡಿ, ಅಷ್ಟೇ ಬೇಗ ಕೆಳಗಿಟ್ಟರು. ವಾಸನೆ ಜೋರು.

ನಿನ್ನ ಅಮೆರಿಕ ವೀಸಾಗೆ ಇನ್ನೂ ಆರು ತಿಂಗಳು ಅವಧಿ ಇದ್ದರೆ ಪೆರುವಿಗೆ ಬೇರೆ ವೀಸಾ ಬೇಡ. ನಿಮ್ಮಮ್ಮನದ್ದೂ ತೆಗೆದು ನೋಡು. ಅವರ ಬಿಪಿ ವಿಷಯ ಡಾಕ್ಟರ್ ಹತ್ತಿರ ಮೊದಲೇ ಕೇಳು. ಟಿಕೆಟ್ ಮಾಡಿಸುವ ಮುಂಚೆ ಒಂದು ಫೋನ್ ಹಾಕು.

ಇಂತಿ ನಿನ್ನ ಗೆಳೆಯ