ಸ್ಮಾರ್ಟ್ ಬೋರ್ಡ್‌ಗೆ ಚೆಂಡು ಎಸೆಯಲು ಬಿಡಿ

ಮಾನ್ಯ ಸಂಪಾದಕರೇ,

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಶಾಲೆಯ ಶಿಕ್ಷಕಿ. ನಮ್ಮ ಮಕ್ಕಳು ಸ್ಮಾರ್ಟ್ ಬೋರ್ಡ್‌ಗೆ ಚೆಂಡು ಎಸೆಯುತ್ತಾರೆ. ಎಸೆಯಿರಿ ಅಂತ ಹೇಳುವವಳೂ ನಾನೇ. ಮೊನ್ನೆ ಮಗುವನ್ನು ಕರೆದುಕೊಂಡು ಹೋಗಲು ಬಂದವರೊಬ್ಬರು ಬಾಗಿಲಲ್ಲೇ ನಿಂತು, "ಏನ್ ಮಿಸ್, ಅಷ್ಟು ದುಡ್ಡಿನ ಬೋರ್ಡಿಗೆ ಹಿಂಗಾ ಹೊಡೆಸೋದು?" ಅಂದರು. ಇನ್ನೂ ಹಲವರಿಗೆ ಹಾಗೇ ಅನ್ನಿಸಬಹುದು, ಅದಕ್ಕೇ ಈ ಪತ್ರ.

ಚೆಂಡು ಅಂದರೆ ಹಳೆಯ ಕಾಲುಚೀಲಕ್ಕೆ ಬಟ್ಟೆ ಚೂರು ತುರುಕಿ ಬಾಯಿ ಹೊಲಿದದ್ದು, ಅಷ್ಟೇ. ಬೋರ್ಡಿನ ಮೇಲೆ 48, 54, 56, 63 ಅಂತ ದೊಡ್ಡ ಚೌಕಗಳು. ನಾನು "ಏಳೆಂಟ್ಲಾ?" ಅನ್ನುತ್ತೇನೆ. ಆರಡಿ ದೂರದಲ್ಲಿ ಸೀಮೆಸುಣ್ಣದ ಗೆರೆ, ಅದರ ಹಿಂದಿನಿಂದ ಹುಡುಗಿ ಎಸೆಯುತ್ತಾಳೆ. ಠಪ್! 56 ಹಸಿರಾಗುತ್ತದೆ. ಗುರಿ ತಪ್ಪಿ 54ಕ್ಕೆ ಬಿದ್ದರೆ, "ಉತ್ತರ ಗೊತ್ತಿತ್ತು ಮಿಸ್, ಕೈ ತಪ್ತು" ಅಂತ ವಾದ, ಅದಕ್ಕೆ ಹಿಂದಿನ ಬೆಂಚಿನವರ ಪ್ರತಿವಾದ, ಈ ಗಲಾಟೆಯಲ್ಲೇ ಏಳರ ಮಗ್ಗಿ ಎಲ್ಲರಿಗೂ ಬಾಯಿಗೆ ಬಂದುಬಿಟ್ಟಿದೆ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಎರಡನೇ ತರಗತಿಯ ಪುಟಾಣಿಗಳಿಗೆ ಬೋರ್ಡಿನ ಮೇಲ್ಭಾಗ ಎಟುಕುವುದೇ ಇಲ್ಲ, ಸ್ಟೂಲ್ ಹಾಕಬೇಕಿತ್ತು. ಚೆಂಡಿಗೆ ಆ ಕಷ್ಟ ಇಲ್ಲ.

ಆದರೆ ಎಲ್ಲ ಬೋರ್ಡಿಗೂ ಇದು ನಡೆಯುವುದಿಲ್ಲ. ಕೆಲವು ಬೋರ್ಡ್‌ಗಳ ಮೈ ಎರಡು ತೆಳು ಪದರದ್ದು, ಒತ್ತಿದ ಕಡೆ ಪದರಗಳು ತಾಗುತ್ತವೆ, ಒತ್ತಿದ್ದು ಬೆರಳೋ ಚೆಂಡೋ ಅಂತ ಅದು ನೋಡುವುದಿಲ್ಲ. ಇನ್ನು ಕೆಲವದರ ಚೌಕಟ್ಟಿನಲ್ಲಿ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣ ಹಾಯುತ್ತಿರುತ್ತದೆ, ಅಡ್ಡ ಬಂದದ್ದೆಲ್ಲ ಅದಕ್ಕೆ ಬೆರಳೇ. (ನನ್ನ ಸೆರಗೂ ಎಷ್ಟೋ ಸಲ ಉತ್ತರ ಕೊಟ್ಟಿದೆ!) ಪುಟಿಯುವ ರಬ್ಬರ್ ಚೆಂಡು ತಾಗಿದ ತಕ್ಷಣ ವಾಪಸ್ ಬರುತ್ತದೆ, ಬೋರ್ಡಿಗೆ ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ. ಕಾಲುಚೀಲದ್ದು ಮೆತ್ತಗೆ ಒಂದು ಕ್ಷಣ ನಿಲ್ಲುತ್ತದೆ. ಗಾಜಿನ ಪರದೆ ಇದ್ದರೆ ಗಟ್ಟಿ ಚೆಂಡು ಬೇಡವೇ ಬೇಡ.

ನನ್ನ ಸಿಟ್ಟು ಇರುವುದು ಇಲ್ಲಿ. ನಮಗೆ ಬಂದ ಎರಡನೇ ಬೋರ್ಡ್ ಅದರದೇ ಪೆನ್ನಿಗೆ ಮಾತ್ರ ಸ್ಪಂದಿಸುವಂಥದ್ದು. ಚೆಂಡು ಬಿಡಿ, ಬೆರಳಿಟ್ಟರೂ ಅಲ್ಲಾಡುವುದಿಲ್ಲ. ಇದ್ದ ಒಂದೇ ಪೆನ್ನು ಕಳೆದುಹೋಗಿ ಈಗ ಅದು ಸುಮ್ನೆ ವಿಡಿಯೊ ತೋರಿಸುವ ಟಿವಿ. ತರುವ ಮೊದಲು ಪಾಠ ಮಾಡುವವರನ್ನು ಒಂದು ಮಾತು ಕೇಳಬಹುದಿತ್ತು ಅಲ್ವಾ? 1995ರಲ್ಲಿ ನಲಿ-ಕಲಿ ಶುರುವಾದದ್ದು ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಅದೂ ಬರೀ ಕಾರ್ಡು, ಚಿತ್ರ, ಹಾಡು ಇಟ್ಟುಕೊಂಡು. ಆಟದಲ್ಲಿ ಪಾಠ ಹೇಳುವುದು ಈ ಸೀಮೆಯ ಮೇಷ್ಟ್ರುಗಳಿಗೆ ಹೊಸದಲ್ಲ.

ಶಾಲೆಗೆ ಬೋರ್ಡ್ ಕೊಡಿಸಲು ಹೊರಟಿರುವ ದಾನಿಗಳು, ಹಳೆ ವಿದ್ಯಾರ್ಥಿಗಳು ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಕಾಲುಚೀಲದ ಚೆಂಡು ಇಟ್ಟುಕೊಂಡು ಹೋಗಿ. ಅಂಗಡಿಯವರನ್ನು ಕೇಳಿ, ಅಲ್ಲೇ ಒಂದು ಸಲ ಎಸೆದು ನೋಡಿ.

– ಒಬ್ಬ ಶಿಕ್ಷಕಿ, ಮಂಡ್ಯ ಜಿಲ್ಲೆ