ಗೆರೆ ಬಿದ್ದ ಕೂಡಲೇ ಹೆಡ್ ಕ್ಲೀನಿಂಗ್ ಬೇಡ

ಮಾನ್ಯ ಸಂಪಾದಕರೇ,

ಮನೆಯ ಇಂಕ್‌ಜೆಟ್ ಪ್ರಿಂಟರ್ ಬಗ್ಗೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಸಲಹೆಗಳು ಬಹುಪಾಲು ಸರಿಯಾಗಿಯೇ ಇವೆ. ಒಂದಕ್ಕೆ ಮಾತ್ರ ನಮ್ಮ ತಕರಾರಿದೆ. ಅಕ್ಷರ ಮಂಕಾದರೂ, ಚಿತ್ರದ ಮೇಲೆ ಅಡ್ಡಗೆರೆ ಬಿದ್ದರೂ, ಸಾಲು ಸೊಟ್ಟಗಾದರೂ ‘ಸರಿಹೋಗುವ ತನಕ ಹೆಡ್ ಕ್ಲೀನಿಂಗ್ ಮಾಡುತ್ತಿರಿ’ ಎಂದು ಅಲ್ಲಿ ಹೇಳಿದೆ. ಇವು ಮೂರೂ ಬೇರೆ ಬೇರೆ ತೊಂದರೆಗಳು. ಮೂರನೆಯದಕ್ಕಂತೂ ಕ್ಲೀನಿಂಗ್ ಏನೂ ಮಾಡಲಾರದು. ಪ್ರಿಂಟರ್ ರಿಪೇರಿ ಮಾಡುವವರಾಗಿ, ಈ ಸಲಹೆ ಪಾಲಿಸಿ ಇನ್ನಷ್ಟು ಪ್ರಿಂಟರ್‌ಗಳು ಕೆಡುವ ಮೊದಲೇ ನಾಲ್ಕು ಮಾತು ಬರೆಯುತ್ತಿದ್ದೇವೆ.

ಕ್ಲೀನಿಂಗ್ ಎಂದರೆ ಒಳಗಿನ ಸಣ್ಣ ಪಂಪು, ಕಾಗದದ ಮೇಲೆ ಇಂಕ್ ಸಿಡಿಸುವ ಹೆಡ್‌ನ ನಾಝಲ್‌ಗಳ (ಸೂಕ್ಷ್ಮ ರಂಧ್ರಗಳ) ಮೂಲಕ ಇಂಕನ್ನು ಹೀರಿ ತೆಗೆಯುವುದು. ಹಾಗೆ ತೆಗೆದ ಇಂಕ್ ಪ್ರಿಂಟರ್‌ನ ತಳದಲ್ಲಿರುವ ಸ್ಪಂಜಿನಂಥ ಪ್ಯಾಡಿಗೆ ಹೋಗುತ್ತದೆ. ಅನೇಕ ಮಾದರಿಗಳು ಎಷ್ಟು ಇಂಕ್ ಅಲ್ಲಿಗೆ ಹೋಯಿತೆಂದು ಒಳಗೇ ಲೆಕ್ಕ ಇಡುತ್ತವೆ. ಮಿತಿ ಮುಟ್ಟಿದ ದಿನ ‘ಪ್ಯಾಡ್ ತುಂಬಿದೆ’ ಎಂಬ ಸಂದೇಶ ತೋರಿಸಿ ಕೆಲಸ ನಿಲ್ಲಿಸುತ್ತವೆ. ಮುಚ್ಚಿಕೊಂಡಿರುವುದು ಹಳದಿಯೊಂದೇ ಆದರೂ ಹೆಚ್ಚಿನ ಪ್ರಿಂಟರ್‌ಗಳು ಎಲ್ಲ ಬಣ್ಣಗಳನ್ನೂ ಒಟ್ಟಿಗೇ ಹೀರುತ್ತವೆ. ಕಪ್ಪು ಬೇರೆ, ಬಣ್ಣ ಬೇರೆ ಎಂದು ಆಯ್ದುಕೊಳ್ಳುವ ಸೌಲಭ್ಯ ಕೆಲವಲ್ಲಿದೆ, ಇದ್ದರೆ ಬಳಸಿ.

ಆದ್ದರಿಂದ ಮೊದಲ ಹೆಜ್ಜೆ ನಾಝಲ್ ಚೆಕ್ ಎಂಬ ಪರೀಕ್ಷಾ ಪುಟ. ಪ್ರಿಂಟರ್‌ನ ಮೇಂಟೆನೆನ್ಸ್ ಮೆನುವಿನಲ್ಲಿ ಸಿಗುತ್ತದೆ. ಪರದೆಯಿಲ್ಲದ ಮಾದರಿಯಾದರೆ ಯಾವ ಬಟನ್ ಒತ್ತಿಹಿಡಿಯಬೇಕೆಂದು ಕೈಪಿಡಿಯಲ್ಲಿರುತ್ತದೆ. ಇದಕ್ಕೆ ತಗಲುವ ಇಂಕ್ ಅತ್ಯಲ್ಪ. ಹಾಳೆಯ ಮೇಲೆ ಪ್ರತಿ ಬಣ್ಣಕ್ಕೂ ಒಂದೊಂದು ಗುಂಪಿನ ಸಣ್ಣ ಗೆರೆಗಳು ಅಥವಾ ಪಟ್ಟಿಗಳು ಬರುತ್ತವೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿನ ನಾಝಲ್ ಇಂಕ್ ಬಿಡುತ್ತಿಲ್ಲ ಎಂದರ್ಥ. ಹಳದಿ ಗೆರೆ ಬಿಳಿ ಹಾಳೆಯ ಮೇಲೆ ಕಣ್ಣಿಗೆ ಸಿಗುವುದೇ ಕಷ್ಟ. ಫೋನಿನ ಪರದೆಯಲ್ಲಿ ಅಚ್ಚ ನೀಲಿ ಬಣ್ಣ ತುಂಬಿಸಿ, ಕೋಣೆಯ ದೀಪ ಆರಿಸಿ, ಆ ಬೆಳಕಿನಲ್ಲಿ ನೋಡಿ: ಹಳದಿ ಇಂಕ್ ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಗೆರೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಫೋಟೊ ನೋಡಿಯೂ ಅಂದಾಜು ಮಾಡಬಹುದು. ಮುಖಗಳು ಹಸಿರುಗಟ್ಟಿದ್ದರೆ ಮಜೆಂಟಾ (ಕಡುಗುಲಾಬಿ) ಬರುತ್ತಿಲ್ಲ, ಎಲ್ಲವೂ ಕೆಂಪಗಿದ್ದರೆ ಸಯಾನ್ (ಹಸಿರು ಮಿಶ್ರಿತ ನೀಲಿ) ಇಲ್ಲ, ನೀಲಿಗೆ ತಿರುಗಿದ್ದರೆ ಹಳದಿ ಇಲ್ಲ.

ನಾಝಲ್ ಚೆಕ್‌ನಲ್ಲಿ ಒಂದು ಗೆರೆಯೂ ತುಂಡಾಗಿಲ್ಲ, ಆದರೂ ಪ್ರಿಂಟ್ ಮಂಕು ಎಂದಾದರೆ ಹೆಡ್ ಸರಿಯಿದೆ. ಕಂಪ್ಯೂಟರಿನಲ್ಲಿ ಇಂಕ್ ಉಳಿಸಿ ತೆಳುವಾಗಿ ಅಚ್ಚು ಹಾಕುವ ಡ್ರಾಫ್ಟ್ ಮೋಡ್ ಆನ್ ಆಗಿದೆಯೇ, ಕಾಗದದ ಬಗೆ ಸರಿಯಾಗಿ ಆರಿಸಿದ್ದೀರಾ ನೋಡಿ. ಕಾಗದದ ಬಗೆ ಎನ್ನುವುದು ಬರೀ ಹೆಸರಿಗಲ್ಲ, ಎಷ್ಟು ಇಂಕ್ ಬಿಡಬೇಕು ಎಂಬುದನ್ನು ಪ್ರಿಂಟರ್ ಅದರಿಂದಲೇ ನಿರ್ಧರಿಸುತ್ತದೆ. ಹೊಳಪಿನ ಫೋಟೊ ಕಾಗದ ಹಾಕಿ ‘ಪ್ಲೇನ್’ ಎಂದು ಬಿಟ್ಟರೆ ಬಣ್ಣ ಸಪ್ಪೆ. ಸಾದಾ ಕಾಗದ ಹಾಕಿ ‘ಗ್ಲಾಸಿ’ ಎಂದರೆ ಇಂಕ್ ಹರಡಿ ಹಾಳೆ ಒದ್ದೆಯಾಗಿ ಸುಕ್ಕಾಗುತ್ತದೆ. ಒಂದೇ ಬದಿಗೆ ಲೇಪನವಿರುವ ಫೋಟೊ ಕಾಗದವನ್ನು ತಿರುಗುಮುರುಗಾಗಿ ಇಟ್ಟರೆ ಇಂಕ್ ಒಣಗುವುದೇ ಇಲ್ಲ. ಇನ್ನೊಂದು ಗೊಂದಲ: ಅಕ್ಷರ ಬಾರದಿದ್ದರೂ ಫೋಟೊದಲ್ಲಿ ಕಪ್ಪು ಬರುವುದುಂಟು. ಅನೇಕ ಪ್ರಿಂಟರ್‌ಗಳಲ್ಲಿ ಸಾದಾ ಕಾಗದದ ಅಕ್ಷರಕ್ಕೆ ಪಿಗ್‌ಮೆಂಟ್ ಕಪ್ಪು (ಕರಗದ ಸಣ್ಣ ಬಣ್ಣದ ಕಣಗಳಿರುವ ಇಂಕ್) ಬೇರೆಯೇ ಇರುತ್ತದೆ; ಅದು ಹೊಳಪಿನ ಕಾಗದಕ್ಕೆ ಸರಿಯಾಗಿ ಅಂಟದ ಕಾರಣ ಫೋಟೊದ ಕಪ್ಪನ್ನು ಮೂರು ಬಣ್ಣ ಬೆರೆಸಿ ಮಾಡುತ್ತವೆ.

ಇನ್ನು ಗೆರೆ ತುಂಡಾಗಿದ್ದರೆ ಒಂದು ಸಲ ಕ್ಲೀನಿಂಗ್ ಮಾಡಿ, ಮತ್ತೆ ನಾಝಲ್ ಚೆಕ್ ತೆಗೆದು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯಾರೂ ಮಾಡದ ಕೆಲಸ ಇದು, ಆದರೆ ಗುಟ್ಟೆಲ್ಲ ಇಲ್ಲೇ ಇದೆ. ಖಾಲಿ ಜಾಗ ಮೊದಲಿದ್ದಲ್ಲೇ ಇದ್ದರೆ ಅಲ್ಲಿ ಇಂಕ್ ಒಣಗಿ ಕಟ್ಟಿದೆ. ಖಾಲಿ ಜಾಗ ಪ್ರತಿ ಸಲವೂ ಸ್ಥಾನ ಬದಲಿಸಿದರೆ, ಅಥವಾ ಕ್ಲೀನಿಂಗ್ ಆದ ಮೇಲೆ ಹೆಚ್ಚಾದರೆ, ಹೆಡ್ಡಿಗೆ ಗಾಳಿ ಸೇರಿದೆ ಇಲ್ಲವೇ ಇಂಕ್ ಸಾಲುತ್ತಿಲ್ಲ. ಆಗ ಕ್ಲೀನಿಂಗ್ ಮಾಡಿದಷ್ಟೂ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಯಾವುದೇ ಇರಲಿ, ಎರಡು ಮೂರು ಸಲಕ್ಕೆ ನಿಲ್ಲಿಸಿ. ಪ್ರಿಂಟರನ್ನು ಅದರದ್ದೇ ಬಟನ್‌ನಿಂದ ಆಫ್ ಮಾಡಿ ರಾತ್ರಿಯಿಡೀ, ಅಂದರೆ 12 ಗಂಟೆಯಷ್ಟು, ಬಿಡಿ. ಒಣಗಿದ ಇಂಕ್ ನೆನೆದು ಮೆತ್ತಗಾಗಲು, ಗಾಳಿಗುಳ್ಳೆ ಮೇಲೇರಲು ಅಷ್ಟು ಹೊತ್ತು ಬೇಕು. ಬೆಳಿಗ್ಗೆ ಮತ್ತೆ ನಾಝಲ್ ಚೆಕ್ ತೆಗೆಯಿರಿ, ಕ್ಲೀನಿಂಗ್ ಮಾತು ಆಮೇಲೆ. ಬಾಟಲಿಯಿಂದ ಇಂಕ್ ತುಂಬಿಸುವ ಟ್ಯಾಂಕ್ ಪ್ರಿಂಟರ್‌ಗಳಲ್ಲಿರುವ ‘ಪವರ್ ಕ್ಲೀನಿಂಗ್’ ಕೊಳವೆಗಳಲ್ಲಿರುವ ಇಂಕನ್ನೆಲ್ಲ ಹೊರಹಾಕುವಂಥದ್ದು. ಟ್ಯಾಂಕ್‌ಗಳಲ್ಲಿ ಮೂರನೇ ಒಂದು ಭಾಗವಾದರೂ ಇಂಕ್ ಇಲ್ಲದೆ ಅದಕ್ಕೆ ಕೈ ಹಾಕಬಾರದು.

ಪುಟದ ಮೇಲ್ಭಾಗ ಚೆನ್ನಾಗಿ ಬಂದು ಕೆಳಕ್ಕೆ ಹೋದಂತೆ ಬಣ್ಣ ತೆಳುವಾಗುವುದೂ ಇಂಕ್ ಸಾಲದಿರುವ ಲಕ್ಷಣವೇ. ಕಾರ್ಟ್ರಿಜ್ ಹೊಸದಾದರೆ ಗಾಳಿ ಆಡುವ ರಂಧ್ರದ ಮೇಲಿನ ಟೇಪು ಕಿತ್ತಿಲ್ಲದಿರಬಹುದು. ಕೆಲವು ಹಳೆಯ ಟ್ಯಾಂಕ್ ಮಾದರಿಗಳಲ್ಲಿ ಸಾಗಾಟಕ್ಕೆಂದು ಮುಚ್ಚುವ ವಾಲ್ವ್ ಇರುತ್ತದೆ, ಅದು ತಿರುಗಿಸಿದ್ದು ಹಾಗೇ ಉಳಿದಿರಬಹುದು.

ಕೈಯಿಂದ ಶುಚಿ ಮಾಡುವ ಮುನ್ನ ಹೆಡ್ ಎಲ್ಲಿದೆ ಎಂಬುದು ತಿಳಿದಿರಬೇಕು. ಎಚ್‌ಪಿ, ಕ್ಯಾನನ್ ಕಂಪನಿಗಳ ಅನೇಕ ಚಿಕ್ಕ ಪ್ರಿಂಟರ್‌ಗಳಲ್ಲಿ ಕಾರ್ಟ್ರಿಜ್‌ನ ತಳದಲ್ಲೇ ಹೆಡ್ ಇರುತ್ತದೆ. ಎಪ್ಸನ್, ಬ್ರದರ್ ಪ್ರಿಂಟರ್‌ಗಳಲ್ಲಿ ಅದು ಯಂತ್ರಕ್ಕೇ ಕೂಡಿಸಿದ್ದು. ಮೊದಲ ಬಗೆಯಾದರೆ ಕೆಲಸ ಸುಲಭ. ನೂಲು ಬಿಡದ ಬಟ್ಟೆಯನ್ನು ಮಡಚಿ, ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ತೇವ ಮಾಡಿ, ನಾಝಲ್ ಬದಿ ಕೆಳಗಾಗುವಂತೆ ಕಾರ್ಟ್ರಿಜನ್ನು ಅದರ ಮೇಲೆ ಒಂದು ನಿಮಿಷ ಒತ್ತಿಡಿ. ಎತ್ತಿದಾಗ ಬಣ್ಣದ ಕಾರ್ಟ್ರಿಜ್ ಆದರೆ ಬಟ್ಟೆಯ ಮೇಲೆ ಮೂರು ಬಣ್ಣಗಳ ಪಟ್ಟಿ ಬೇರೆ ಬೇರೆಯಾಗಿ ಕಾಣಬೇಕು. ಎರಡೇ ಕಂಡರೆ ಮೂರನೆಯದು ಖಾಲಿಯಾಗಿದೆ ಅಥವಾ ಕಟ್ಟಿದೆ. ಉಜ್ಜಬೇಡಿ, ಒಂದರ ಬಣ್ಣ ಇನ್ನೊಂದರ ನಾಝಲ್‌ಗೆ ಸೇರಿಕೊಳ್ಳುತ್ತದೆ. ಪಕ್ಕದ ತಾಮ್ರದ ಬಿಂದುಗಳನ್ನು ಬೇರೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂಡಿಸಿ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕಾರ್ಟ್ರಿಜ್ ಹೊರಗಿರಬಾರದು. ಎರಡನೆಯ ಬಗೆಯ ಹೆಡ್ಡಿಗೆ ಪಿನ್ನು ಚುಚ್ಚುವುದು, ಸಿರಿಂಜಿನಲ್ಲಿ ನೀರು ನುಗ್ಗಿಸುವುದು ಮುಂತಾದ ವಿಡಿಯೊ ವಿದ್ಯೆಗಳನ್ನು ದಯವಿಟ್ಟು ಪ್ರಯೋಗಿಸಬೇಡಿ. ಒತ್ತಡ ಹೆಚ್ಚಾಗಿ ಒಳಗಿನ ಪದರ ಬಿಟ್ಟುಕೊಂಡರೆ, ನೀರು ಸರ್ಕಿಟ್ಟಿಗೆ ಇಳಿದರೆ ಹೆಡ್ಡನ್ನೇ ಬದಲಿಸಬೇಕಾಗುತ್ತದೆ.

ಮೂರನೆಯ ತೊಂದರೆಗೆ, ಅಂದರೆ ಸಾಲು ಸೊಟ್ಟಗಾಗಿಸುವ ಅಲೈನ್‌ಮೆಂಟ್ ವಿಷಯಕ್ಕೆ ಬರೋಣ. ಬೇಗ ಮುಗಿಯಲೆಂದು ಹೆಡ್ ಎಡದಿಂದ ಬಲಕ್ಕೆ ಹೋಗುವಾಗಲೂ ಬಲದಿಂದ ಎಡಕ್ಕೆ ಬರುವಾಗಲೂ ಇಂಕ್ ಸಿಡಿಸುತ್ತದೆ. ಹನಿ ಕಾಗದ ಮುಟ್ಟುವಷ್ಟರಲ್ಲಿ ಹೆಡ್ ಮುಂದೆ ಸರಿದಿರುತ್ತದೆ, ಹನಿಯೂ ಅದೇ ದಿಕ್ಕಿಗೆ ವಾಲುತ್ತದೆ. ಹೋಗುವಾಗಿನ ಹನಿಯೂ ಬರುವಾಗಿನ ಹನಿಯೂ ಒಂದೇ ಕಡೆ ಬೀಳುವಂತೆ ಲೆಕ್ಕ ಹೊಂದಿಸುವುದೇ ಅಲೈನ್‌ಮೆಂಟ್. ಅದು ತಪ್ಪಿದರೆ ಕೋಷ್ಟಕದ ಲಂಬ ಗೆರೆಗಳು ತುಂಡುತುಂಡಾಗಿ ಆಚೀಚೆ ಸರಿಯುತ್ತವೆ, ಅಕ್ಷರದ ಪಕ್ಕ ನೆರಳಿನಂಥ ಇನ್ನೊಂದು ಅಕ್ಷರ ಕಾಣುತ್ತದೆ; ಅಡ್ಡ ಗೆರೆಗಳು ಮಾತ್ರ ನೆಟ್ಟಗೇ ಇರುತ್ತವೆ. ಖಚಿತಪಡಿಸಿಕೊಳ್ಳಲು ಸೆಟಿಂಗ್‌ನಲ್ಲಿ ‘ಬೈಡೈರೆಕ್ಷನಲ್’ ಅಥವಾ ‘ಹೈಸ್ಪೀಡ್’ ಎಂದಿರುವುದನ್ನು ಆಫ್ ಮಾಡಿ ಅದೇ ಪುಟ ತೆಗೆಯಿರಿ. ಲಂಬ ಗೆರೆ ನೆಟ್ಟಗಾದರೆ ಅಲೈನ್‌ಮೆಂಟ್ ಮಾಡಬೇಕೆಂದು ಗೊತ್ತಾಯಿತು.

ಅದನ್ನು ನಾಝಲ್ ಚೆಕ್ ಪೂರ್ತಿ ಸರಿಯಾದ ಮೇಲೆಯೇ ಮಾಡಬೇಕು. ತುಂಡು ಗೆರೆ ಇಟ್ಟುಕೊಂಡು ಹೊಂದಿಸಲು ಹೊರಟರೆ ಯಾವ ನಮೂನೆ ಸರಿಯೆಂದು ಕಣ್ಣಿಗೂ ತಿಳಿಯದು, ಸ್ಕ್ಯಾನರಿಗೂ ತಿಳಿಯದು. ಹೊಸ ಬಿಳಿ ಹಾಳೆಯೇ ಬೇಕು. ಹಿಂಬದಿ ಬಳಸಿದ ಹಾಳೆ ಸಲ್ಲದು. ಕೆಲವು ಪ್ರಿಂಟರ್‌ಗಳು ಪುಟ ಅಚ್ಚು ಹಾಕಿ, ಅದನ್ನು ಸ್ಕ್ಯಾನರ್ ಗಾಜಿನ ಮೇಲೆ ಅಚ್ಚಾದ ಬದಿ ಕೆಳಗೆ ಮಾಡಿ ಇಡಲು ಹೇಳುತ್ತವೆ. ಗಾಜು ಒರೆಸಿರಬೇಕು, ಹಾಳೆ ಮೂಲೆಗೆ ಕೂತಿರಬೇಕು. ಇನ್ನು ಕೆಲವು ಸಂಖ್ಯೆ ಹಾಕಿದ ಚೌಕಗಳನ್ನು ಕೊಡುತ್ತವೆ. ಬಿಳಿ ಸೀಳೂ ಕಪ್ಪು ಗೆರೆಯೂ ಇಲ್ಲದೆ ಏಕಸಮನಾಗಿ ತುಂಬಿದ ಚೌಕದ ಸಂಖ್ಯೆಯನ್ನು ಆರಿಸಬೇಕು. ಹೆಡ್ ಇರುವ ಕಾರ್ಟ್ರಿಜ್ ಬದಲಿಸಿದಾಗಲೆಲ್ಲ ಈ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಎಷ್ಟು ಮಾಡಿದರೂ ಅಲೈನ್‌ಮೆಂಟ್ ನಿಲ್ಲದಿದ್ದರೆ, ಅಥವಾ ಹೆಡ್ ಹೋಗಿ ಒಂದು ಬದಿಗೆ ಗುದ್ದುತ್ತಿದ್ದರೆ, ಪ್ರಿಂಟರ್ ತೆರೆದು ನೋಡಿ. ಹೆಡ್ ಓಡುವ ದಾರಿಯ ಹಿಂದೆ ಅಂಚಿನಿಂದ ಅಂಚಿಗೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯೊಂದು ಬಿಗಿದಿರುತ್ತದೆ, ಅದೇ ಎನ್‌ಕೋಡರ್ ಸ್ಟ್ರಿಪ್. ಹತ್ತಿರದಿಂದ ನೋಡಿದರೆ ಬೂದು ಬಣ್ಣದಂತೆ ಕಾಣುವಷ್ಟು ಒತ್ತಾಗಿ ಅದರ ಮೇಲೆ ಸಣ್ಣ ಗೆರೆಗಳಿವೆ. ತಾನು ಎಲ್ಲಿದ್ದೇನೆ ಎಂಬುದನ್ನು ಹೆಡ್ ಆ ಗೆರೆಗಳನ್ನು ಎಣಿಸಿ ತಿಳಿಯುತ್ತದೆ. ಅಲ್ಲಿ ಒಂದು ಹನಿ ಇಂಕೋ ಗ್ರೀಸಿನ ಬೆರಳಚ್ಚೋ ಬಿದ್ದರೆ ಎಣಿಕೆ ತಪ್ಪುತ್ತದೆ. ಪ್ಲಗ್ ಕಿತ್ತು, ನೀರಿನಲ್ಲಿ ತೇವ ಮಾಡಿದ ಮೆತ್ತನೆಯ ಬಟ್ಟೆಯಿಂದ, ಪಟ್ಟಿ ಕೊಕ್ಕೆಯಿಂದ ಕಳಚದಂತೆ ಒಂದು ಕೈಯಲ್ಲಿ ಹಿಡಿದು ಮೆಲ್ಲಗೆ ಒರೆಸಿ. ಸ್ಪಿರಿಟ್, ಥಿನ್ನರ್ ಹಾಕಿದರೆ ಗೆರೆಗಳೇ ಅಳಿಸಿಹೋಗಬಹುದು.

ಇಡೀ ಬರಹವೇ ಓರೆಯಾಗಿ ಬಂದರೆ ಹೆಡ್ಡನ್ನು ದೂರಬೇಡಿ. ಕಾಗದ ಓರೆಯಾಗಿ ಒಳಗೆ ಹೋಗುತ್ತಿದೆ. ಟ್ರೇಯ ಅಂಚಿನ ಗೈಡುಗಳು ಕಾಗದಕ್ಕೆ ತಾಗಿರಬೇಕು, ಬಾಗಿಸಬಾರದು. ಕಾಗದ ಗುರುತಿನ ಗೆರೆ ಮೀರಿರಬಾರದು. ರಬ್ಬರ್ ರೋಲರಿನ ಧೂಳನ್ನು ತೇವದ ಬಟ್ಟೆಯಿಂದ ತಿರುಗಿಸುತ್ತಾ ಒರೆಸಬೇಕು. ಕೆಳಗಿನ ಎರಡು ಮೂರು ಸಾಲು ಕತ್ತರಿಸಿಹೋದರೆ ಕಾಗದದ ಅಳತೆ ನೋಡಿ. ಎ4 ಹಾಳೆ 210×297 ಮಿ.ಮೀ., ಲೆಟರ್ ಹಾಳೆ 216×279 ಮಿ.ಮೀ. ಫೈಲ್ ಒಂದರ ಅಳತೆಯಲ್ಲಿದ್ದು ಟ್ರೇಯಲ್ಲಿ ಇನ್ನೊಂದಿದ್ದರೆ 18 ಮಿ.ಮೀ. ಎಲ್ಲಿಗಾದರೂ ಹೋಗಲೇಬೇಕು. ಲೇಬಲ್, ಫಾರಂಗಳಂಥ ಅಳತೆಯ ಕೆಲಸಕ್ಕೆ ‘ಫಿಟ್’ ಬಿಟ್ಟು 100% ಆರಿಸಿ. ಫೋಟೊಕಾಪಿಯಲ್ಲಿ ಮಾತ್ರ ಉದ್ದಕ್ಕೆ ಗೆರೆ ಬಂದು ಪ್ರಿಂಟ್‌ನಲ್ಲಿ ಬಾರದಿದ್ದರೆ ಸ್ಕ್ಯಾನರಿನ ಗಾಜಿನ ಮೇಲೆ ಕಸ ಕೂತಿದೆ.

ಗೋಡೆಯ ಸ್ವಿಚ್ಚನ್ನು ನೇರವಾಗಿ ಆರಿಸುವ ಅಭ್ಯಾಸವೂ ಹೆಡ್ ಒಣಗಲು ಕಾರಣ. ಪ್ರಿಂಟರ್‌ನದೇ ಬಟನ್ ಒತ್ತಿದರೆ ಹೆಡ್ ತನ್ನ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಕೆಲಸದ ನಡುವೆ ಕರೆಂಟ್ ತೆಗೆದರೆ ದಾರಿಯಲ್ಲೇ ತೆರೆದ ಬಾಯಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಇರುವ ಸಣ್ಣ ಚಿತ್ರ ತೆಗೆದರೆ ಆಮೇಲೆ ಕ್ಲೀನಿಂಗಿಗೆ ಖರ್ಚಾಗುವುದಕ್ಕಿಂತ ಎಷ್ಟೋ ಕಡಿಮೆ ಇಂಕಿನಲ್ಲಿ ಹೆಡ್ ಹಸಿಯಾಗಿ ಉಳಿಯುತ್ತದೆ.

ನಿಮ್ಮ ಅಂಕಣಕ್ಕೆ ಪ್ರಶ್ನೆ ಕಳಿಸುವ ಓದುಗರಿಗೆ ಒಂದು ಸೂಚನೆ ಅಚ್ಚು ಹಾಕಲು ಸಾಧ್ಯವೇ? ‘ಪ್ರಿಂಟ್ ಚೆನ್ನಾಗಿ ಬರುತ್ತಿಲ್ಲ’ ಎಂದಷ್ಟೇ ಬರೆಯದೆ ಪ್ರಿಂಟರ್‌ನ ಮಾದರಿ, ಕಾಗದದ ಬಗೆ, ಎಷ್ಟು ಸಲ ಕ್ಲೀನಿಂಗ್ ಆಗಿದೆ ಎಂಬುದನ್ನು ತಿಳಿಸಿ, ಜೊತೆಗೆ ನಾಝಲ್ ಚೆಕ್ ಹಾಳೆಯ ಫೋಟೊವನ್ನು ಹಗಲು ಬೆಳಕಿನಲ್ಲಿ ತೆಗೆದು ಕಳಿಸಲಿ.

ಇತಿ,
ಪ್ರಿಂಟರ್ ರಿಪೇರಿ ಕಸುಬಿನ ಓದುಗರು