ಕಡೂರಿನಲ್ಲಿ ಇಳಿದ ಅಜ್ಜಿಗೆ

ಮದುವೆಯಾಗಿ ಮೊನ್ನೆಗೆ ಒಂದು ವರ್ಷ ತುಂಬಿತು. ಮಗಳಿಗೆ ಎರಡು ತಿಂಗಳು. ಈ ವರ್ಷ ನಮಗೆ ನೆರವಾದವರು ಬಹಳ ಜನ. ಹೆಸರು ಕೇಳದೇ ಬಿಟ್ಟಿದ್ದು ಮಾತ್ರ ನಿಮ್ಮದು, ಅಜ್ಜಿ.

ಹುಬ್ಬಳ್ಳಿ ರೈಲು ತಿಪಟೂರು ದಾಟಿತ್ತು. ಹಾಲು ಕುಡಿದ ಮಗು ಒಂದೇ ಸಮನೆ ಅಳುತ್ತಿತ್ತು. ಹೆಂಡತಿಯ ಕಣ್ಣಲ್ಲೂ ನೀರು. ನನಗೆ ಕೈಕಾಲೇ ಆಡಲಿಲ್ಲ. ನೀವು ಸೆರಗಿಗೆ ಕೈ ಒರೆಸಿಕೊಂಡು, "ಕೊಡವ್ವ ಇಲ್ಲಿ" ಅಂದಿರಿ. ಹೆಗಲಿಗೆ ಹಾಕಿಕೊಂಡು ಬೆನ್ನು ಮೆಲ್ಲಗೆ ತಟ್ಟಿದಿರಿ. ಹಸಿರು ಬಳೆಗಳ ಸದ್ದು. ಆಮೇಲೆ ಒಂದು ಪುಟ್ಟ ತೇಗು. ಹಾಲಿನ ಜೊತೆ ಗಾಳಿ ನುಂಗಿತ್ತು, ಅಷ್ಟೇ.

"ತೇಗು ಬರಿಸೋದು ನಿನ್ ಕೆಲಸ ಕಣಪ್ಪ, ಅವಳು ಮಲಗಲಿ" ಅಂದಿರಿ. ಅವತ್ತಿಂದ ಅದು ನನ್ನದೇ ಕೆಲಸ, ರಾತ್ರಿ ಎರಡು ಗಂಟೆಗೂ. ನೀವು ಇಳಿಯುವಾಗ ಮಗು ನನ್ನ ಹೆಗಲ ಮೇಲೆ ಮಲಗಿತ್ತು. ಕೈ ಮುಗಿಯಲು ಆಗಲಿಲ್ಲ. ಈಗ ಮುಗಿಯುತ್ತಿದ್ದೇನೆ.